ಸೋಯಾ ಆರಿಸಿದ ಮಧ್ಯಾಹ್ನಗಳು

ಮೊನ್ನೆ ಅಡುಗೆಮನೆಗೆ ಸುಣ್ಣ ಹೊಡೆಸಲೆಂದು ಕಾಳಿನ ಡಬ್ಬಿಗಳನ್ನೆಲ್ಲ ಎಳೆದು ಈಚೆಗಿಟ್ಟೆ. ಗೋಡೆಯ ಬುಡದಿಂದ ಒಂದು ಸೋಯಾಬೀನ್ ಕಾಳು ಉರುಳಿ ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಸುಣ್ಣ ಹೊಡೆಯಲು ಬಂದವನು ಅದನ್ನು ಕಸಬರಿಗೆಯಿಂದ ತಳ್ಳಲು ಹೋದ. "ಇರ್ಲಿ ಬಿಡಪಾ" ಎಂದು ನಾನೇ ಬಗ್ಗಿ ಹೆಕ್ಕಿಕೊಂಡೆ. ಒಂದು ಕಾಳಿಗಾಗಿ ಬಗ್ಗಿದ ಈ ಹೆಂಗಸಿನ ಜಿಪುಣತನಕ್ಕೆ ಅವನು ಒಳಗೊಳಗೇ ನಕ್ಕಿರಬೇಕು. ನಗಲಿ. ಈ ಜಾತಿಯ ಕಾಳು ನಮ್ಮ ಮನೆಯಲ್ಲಿ ಆಡಿಸಿದ ಆಟ ಅವನಿಗೆ ಗೊತ್ತಿಲ್ಲವಲ್ಲ.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಅಚ್ಚಾದದ್ದೆಲ್ಲ ನಿಜ ಎಂದು ನಂಬುವ ಪೈಕಿ ನಾನು. ಧಾರವಾಡದ ಶಾಲಾಮಾಸ್ತರರ ಮಗಳು, ಮದುವೆಯಾಗಿ ಬಂದದ್ದು ದಾಂಡೇಲಿಗೆ, ಕಾಗದದ ಮಿಲ್ಲಿನ ಕ್ವಾರ್ಟರ್ಸಿಗೆ. ಊರಿಗೆ ಊರೇ ಕಾಗದದ ವಾಸನೆ ಕುಡಿದು ಬದುಕುವಾಗ ಕಾಗದವನ್ನು ನಂಬದೆ ಇರುವುದು ಹೇಗೆ? ಪತ್ರಿಕೆಯ ಮಹಿಳಾ ಪುಟದಿಂದ ಉಪಯುಕ್ತ ಎನ್ನಿಸಿದ್ದನ್ನೆಲ್ಲ ಕತ್ತರಿಸಿ ಕಪಾಟಿನ ಬಾಗಿಲಿನ ಒಳಮೈಗೆ ಮೈದಾ ಅಂಟಿನಿಂದ ಅಂಟಿಸುತ್ತಿದ್ದೆ. ಮೊಣಕಾಲು ನೋವಿಗೆ ಒಂದು, ಕೂದಲು ಉದುರುವುದಕ್ಕೆ ಒಂದು, ಜಿರಳೆಗೆ ಒಂದು. ಜಿರಳೆಗಳಿಗೆ ಮೈದಾ ಅಂಟು ಬಹಳ ರುಚಿಸುತ್ತಿತ್ತು. ಅವನ್ನು ಕೊಲ್ಲುವ ಉಪಾಯದ ಚೀಟಿಯನ್ನೇ ಅವು ಅಂಚಿನಿಂದ ತಿಂದು ಮುಗಿಸಿದವು.

ನಮ್ಮ ಕಡೆ ಗೋಧಿಯನ್ನು ಬರೀ ಗೋಧಿಯಾಗಿ ಗಿರಣಿಗೆ ಕಳಿಸುವ ಪದ್ಧತಿ ಕಡಿಮೆ. ಪ್ರತಿ ಮನೆಗೂ ತನ್ನದೊಂದು ಹಿಡಿ ಇರುತ್ತದೆ. ನನ್ನ ತಾಯಿಯದು ಕಡಲೆ, ಜೊತೆಗೆ ನಾಲ್ಕು ಕಾಳು ಮೆಂತ್ಯ. ಚಿಕ್ಕವಳಿದ್ದಾಗ ಡಬ್ಬಿ ಹೊತ್ತು ಗಿರಣಿಗೆ ಹೋಗುವುದು ನನ್ನ ಪಾಳಿ. ಖಾರ ಬೀಸಿದವರ ಹಿಂದೆ ನಮ್ಮ ಡಬ್ಬಿ ಇಡಬಾರದು, ಜೋಳದವರ ಹಿಂದೆ ಇಟ್ಟರೆ ಮೊದಲ ಎರಡು ಹಿಡಿ ಬೇರೆ ತೆಗೆಸಬೇಕು, ಹೀಗೆ ನೂರೆಂಟು ಕಟ್ಟಳೆ. ಚಳಿಗಾಲದಲ್ಲಿ ಬಿಸಿ ಹಿಟ್ಟಿನ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಬರುವ ಸುಖಕ್ಕಾಗಿ ನಾನು ಬೇಕೆಂದೇ ಸುತ್ತುದಾರಿ ಹಿಡಿಯುತ್ತಿದ್ದೆ. ಮನೆಗೆ ಬಂದರೆ ಮೂಗಿನ ತುದಿಯವರೆಗೂ ಹಿಟ್ಟು, ಅದರ ಮೇಲೆ ಬೈಗುಳ.

ಅತ್ತೆಯ ಮನೆಯಲ್ಲಿ ಅತ್ತೆಯದೇ ಹಿಡಿ. ಅವರು ಬೈಲಹೊಂಗಲ ಕಡೆಯವರು, ಗಂಡ ತೀರಿಕೊಂಡ ಮೇಲೆ ಮಗನ ಜೊತೆ ದಾಂಡೇಲಿಗೆ ಬಂದವರು. ದಪ್ಪ ಇಳಕಲ್ಲ ಸೀರೆ, ಕಡಿಮೆ ಮಾತು, ತೂಕದ ಕೈ. ಅವರ ಕಡಲೆಯ ಹಿಡಿಯಲ್ಲಿ ಒಂದು ಕಾಳು ಆಚೀಚೆ ಆದದ್ದನ್ನು ನಾನು ಕಾಣೆ. ಆರು ವರ್ಷ ಆ ಹಿಟ್ಟನ್ನೇ ನಾದಿದ ಮೇಲೆ ಆ ಹಿಟ್ಟಿನಲ್ಲಿ ನನ್ನದೂ ಒಂದು ಹಿಡಿ ಇರಬೇಕೆಂಬ ಆಸೆ ನನಗೆ ಹುಟ್ಟಿತು. ಸೊಸೆಯಾಗಿ ಬಾಳಿದವರಿಗೆ ಇದು ಅರ್ಥವಾದೀತು, ಉಳಿದವರು ಕ್ಷಮಿಸಬೇಕು.

ಸರಿಯಾಗಿ ಆಗಲೇ ಆ ಚೀಟಿ ಸಿಕ್ಕಿತು. ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡ ಸೀಮೆಯ ಹೊಲಗಳಿಗೆ ಸೋಯಾಬೀನ್ ಬಂದು, ಹಳಿಯಾಳದ ಸಂತೆಯಲ್ಲೂ ಚೀಲ ಬಿಚ್ಚಿ ಕುಳಿತಿತ್ತು. ಪತ್ರಿಕೆಯಲ್ಲಿ ಬರೆದಿತ್ತು: ಸೋಯಾ ಬಲು ಪುಷ್ಟಿ, ಹೆಂಗಸರಿಗೆ ಅಮೃತ, ಅದನ್ನು ದಿನಾ ತಿನ್ನುವ ಪೂರ್ವದ ದೇಶಗಳಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯಂತೆ. ಓದಿ ನನಗೆ ರೋಮಾಂಚನವಾಯಿತು. ಯುಗಾದಿ ಮುಗಿದ ವಾರ, ವರ್ಷದ ಗೋಧಿಯ ಚೀಲ ಮನೆಗೆ ಬಂದಾಗ, ಹಳಿಯಾಳದಿಂದ ತಂದ ಸೋಯಾಬೀನನ್ನು ಹಿಡಿಗಟ್ಟಲೆ ಅಲ್ಲ, ಸೇರುಗಟ್ಟಲೆ ಚೀಲಕ್ಕೇ ಸುರಿದು ಕಲೆಸಿಬಿಟ್ಟೆ. ಬೀಸಿಸುವಾಗ ದಿನಾ ಜಗಳ ಬೇಡ, ಒಮ್ಮೆ ಕಲೆಸಿದರೆ ಯಾರೂ ತೆಗೆಯಲಾರರು ಎಂಬ ಕಪಟ ಅದರಲ್ಲಿತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲ ದಿನದ ಚಪಾತಿಯನ್ನು ಅತ್ತೆ ಮೂಸಿ ನೋಡಿದರು.

"ಏನ್ ಹಾಕೀದಿ ಇದರಾಗ?"

"ಸೋಯಾಬೀನ್ರಿ ಅತ್ತಿ. ಮೈಗೆ ಭಾಳ ಛಲೋ ಅಂತ."

"ಹಸಿ ಹಸಿ ನಾತ ಹೊಡಿತೈತಿ. ದನಕ್ಕ ಹಾಕೂ ಹಿಂಡಿ ಇದ್ದಂಗ ಐತಿ."

ಆದರೂ ತಿಂದರು. ದಿನಾ ಬೈದರು, ದಿನಾ ತಿಂದರು. ಮನೆಯವರು ಎರಡೂ ಕಡೆಯ ಮಾತು ಕೇಳದವರಂತೆ ಉಂಡು ಪಾಳಿಗೆ ಹೋಗುತ್ತಿದ್ದರು. ಗಿರಣಿ ಮಲ್ಲಪ್ಪ ಮಾತ್ರ, "ಅಕ್ಕಾರ, ಈ ಕಾಳ ಕಲ್ಲಿಗೆ ಜಿಡ್ಡ ಹಿಡಸ್ತೈತ್ರಿ" ಎಂದು ಪ್ರತಿಸಲ ಗೊಣಗುತ್ತಿದ್ದ.

ಶ್ರಾವಣದಲ್ಲಿ ಎಲ್ಲ ತಿರುಗಿಬಿತ್ತು. ಪಕ್ಕದ ಮನೆಯ ಕಸ್ತೂರಕ್ಕ ಒಂದು ಮಧ್ಯಾಹ್ನ ಪತ್ರಿಕೆ ಹಿಡಿದು ಬಂದಳು. "ಗಿರಿಜಾ, ನೀ ಸೋಯಾ ಸೋಯಾ ಅಂತಿದ್ದಿ, ಇಲ್ಲಿ ನೋಡ ಏನ್ ಬರದಾರ" ಎಂದು ಅಡುಗೆಮನೆಯ ಹೊಸ್ತಿಲಲ್ಲೇ ಓದತೊಡಗಿದಳು. ಸೋಯಾದಲ್ಲಿ ಹೆಂಗಸರ ಹಾರ್ಮೋನನ್ನು ಹೋಲುವ ಏನೋ ಇದೆಯಂತೆ, ಅದು ಎದೆಯ ಗಂಟನ್ನು ಬೆಳೆಸಬಹುದು ಎಂಬ ಅನುಮಾನವಂತೆ. ಅತ್ತೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಕಸ್ತೂರಕ್ಕ ಓದುತ್ತಿದ್ದಷ್ಟು ಹೊತ್ತೂ ಅವರ ಕೈ ನಿಂತೇ ಇತ್ತು.

ಕಸ್ತೂರಕ್ಕ ಹೋದ ಮೇಲೆ ಅವರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಗಿರಿಜಾ, ನನಗ ಒಂದ ಗಂಟ ಆಗೇತಿ."

"ಎಲ್ರಿ? ಯಾವಾಗಿಂದ?"

ಎಡಗಡೆಗೆ ಸೆರಗು ಒತ್ತಿ ತೋರಿಸಿದರು. "ಇಲ್ಲಿ. ಕಡ್ಲಿಕಾಳಷ್ಟ ಐತಿ. ನಿನ್ನ ಕಾಳ ತಿನ್ನಾಕ ಹತ್ತಿದ ಮ್ಯಾಲ ಆಗಿದ್ದು."

ಡಾಕ್ಟರರ ಹತ್ತಿರ ಹೋಗೋಣ ಎಂದೆ. ಅವರು ಒಪ್ಪಲಿಲ್ಲ. ಊರಿನ ಡಾಕ್ಟರು ಗಂಡಸು, ಮಗನ ಪರಿಚಯದವರು, ಅವರ ಮುಂದೆ ಸೆರಗು ಸರಿಸುವುದು ಈ ಜನ್ಮದಲ್ಲಿ ಆಗದ ಮಾತು. ಮಗನಿಗೆ ಹೇಳಬಾರದು ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ಕೊನೆಗೆ ಬಹಳ ಶಾಂತವಾಗಿ ಹೇಳಿದರು: "ಯಾತಕ್ಕ ಬಂತು ಅನ್ನೂದು ಗೊತ್ತಾತಲ್ಲ. ತಿನ್ನೂದ ಬಿಟ್ರ ಹೋಗ್ತೈತಿ. ಮೊದ್ಲ ಆ ಚೀಲ ಹಸನ ಮಾಡೂಣು. ಚೀಲ ಮುಗೀಲಿ, ಆಮ್ಯಾಲ ನೋಡೂಣು."

ಓದಿದವಳು ನಾನು. ಒಂದು ಚೀಲದ ಕಾಳಿಗೂ ಮೈಯೊಳಗಿನ ಗಂಟಿಗೂ ಇಂಥ ಕರಾರು ಇರಲಾರದೆಂದು ತಿಳಿಯದಷ್ಟು ದಡ್ಡಿಯಲ್ಲ. ಆದರೂ ಹೂಂ ಅಂದೆ. ಯಾಕೆಂದರೆ ತಪ್ಪು ನನ್ನದಾಗಿದ್ದರೆ, ಅದನ್ನು ನನ್ನ ಕೈಯಾರೆ ತೆಗೆದುಹಾಕುವ ದಾರಿಯೊಂದು ಸಿಕ್ಕಿತ್ತಲ್ಲ. ಆಸ್ಪತ್ರೆಯಲ್ಲಿ ಅಂಥ ದಾರಿ ಇರಲಿಲ್ಲ.

ಹೀಗೆ ನಮ್ಮ ಮಧ್ಯಾಹ್ನಗಳು ಶುರುವಾದವು. ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ಗೋಧಿ ಉಳಿದಿತ್ತು. ಮನೆಯವರು ಪಾಳಿಗೆ ಹೋದ ಮೇಲೆ ಇಬ್ಬರೂ ಮೊರ ಹಿಡಿದು ಕೂರುತ್ತಿದ್ದೆವು. ಸಾಣಿಗೆಯಲ್ಲಿ ಹಾಕಿ ಅಲ್ಲಾಡಿಸಿದರೆ ಗೋಧಿ ಕೆಳಗೆ ಬಿದ್ದು ಸೋಯಾ ಮೇಲೆ ಉಳಿಯುತ್ತದೆ, ಎರಡು ದಿನದ ಕೆಲಸ ಎಂದೆ. "ಒಡಕ ಬ್ಯಾಳಿ ಕೆಳಗ ಬೀಳ್ತಾವು. ಒಂದ ಬ್ಯಾಳಿನೂ ಉಳೀಬಾರದು" ಎಂದು ಅತ್ತೆ ಸಾಣಿಗೆಯನ್ನು ಮೂಲೆಗಿಟ್ಟರು. ಒಂದೊಂದೇ ಕಾಳು ಬೆರಳಿನಿಂದ ಆರಿಸಬೇಕು. ದಿನಕ್ಕೆ ಎರಡು ಮೊರ, ಹೆಚ್ಚೆಂದರೆ ಮೂರು. ಆಗ ನನಗೆ ಅವರ ಶಿಸ್ತಿನ ಬಗ್ಗೆ ಗೌರವವೇ ಮೂಡಿತು.

ಆ ವಾರಗಳಲ್ಲಿ ನಾನು ಏನು ಉಂಡೆ, ಏನು ಉಟ್ಟೆ ನೆನಪಿಲ್ಲ. ಯುಗಾದಿಯಿಂದ ಇಲ್ಲಿಯವರೆಗೆ ದಿನಕ್ಕೆ ಮೂರು ಚಪಾತಿ ಎಂದರೆ ಅವರ ಹೊಟ್ಟೆಗೆ ಎಷ್ಟು ಸೋಯಾ ಹೋಗಿರಬಹುದು ಎಂದು ತಲೆಯಲ್ಲಿ ಅದೇ ಓಡುತ್ತಿತ್ತು. ಮಿಲ್ಲಿನ ಭೋಂಗಾ ಕೂಗಿದರೆ ಬೆಚ್ಚಿಬೀಳುತ್ತಿದ್ದೆ. ಕಪಾಟಿನ ಬಾಗಿಲಿನಿಂದ ಆ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಜಿರಳೆಗಳು ಅದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಒಂದು ದಿನ ಮೊರದ ಮುಂದೆಯೇ ಅಳು ಒತ್ತರಿಸಿ ಬಂತು. "ನನ್ನಿಂದ ಆತು ಅತ್ತಿ, ತಪ್ಪಾತ್ರಿ" ಎಂದೆ. ಅವರು ಕಾಳಿನಿಂದ ಕಣ್ಣೆತ್ತದೆ, "ಇರ್ಲಿ ಬಿಡು. ನೀ ಬೇಕಂತ ಮಾಡಿಲ್ಲ" ಎಂದರು. ಎಂಥ ದೊಡ್ಡ ಮನಸ್ಸು ಎಂದು ಇನ್ನಷ್ಟು ಅಳು ಬಂತು.

ಪ್ರತಿ ಸೋಮವಾರ ಕೇಳುತ್ತಿದ್ದೆ, "ಹೆಂಗೈತ್ರಿ ಅತ್ತಿ?" ಅವರು ಹೇಳುತ್ತಿದ್ದರು, "ಇಳಿಯಾಕತ್ತೈತಿ." ಮುಂದಿನ ವಾರ, "ಇನ್ನೂ ಸಣ್ಣ ಆಗೇತಿ." ಅದೇ ಮಾತು ಕೇಳಲು ಕಾದಿದ್ದ ನನಗೆ ಮುಟ್ಟಿ ನೋಡಬೇಕೆಂದು ಒಮ್ಮೆಯೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಸುಳ್ಳು. ಧೈರ್ಯವಾಗಲಿಲ್ಲ.

ಗಣೇಶನ ಹಬ್ಬ ಮುಗಿದ ಶನಿವಾರ ಅವರು ಎರೆದುಕೊಳ್ಳುವಾಗ ಬೆನ್ನು ತಿಕ್ಕಲು ಕರೆದರು. ಬೆನ್ನಿಗೆ ಕಡಲೆಹಿಟ್ಟು ಹಚ್ಚುತ್ತಿದ್ದ ನನ್ನ ಕೈ ಜಾರಿ ಎಡಗಂಕುಳ ಹತ್ತಿರ ಹೋಯಿತು. ಗಟ್ಟಿಯಾಗಿ ಏನೋ ತಾಗಿತು. ಕೈ ತೆಗೆಯಬೇಕಿತ್ತು, ತೆಗೆಯಲಿಲ್ಲ. ಕಡಲೆಕಾಳಷ್ಟು ಅಂದಿದ್ದರಲ್ಲ, ನನ್ನ ಬೆರಳಿಗೆ ಸಿಕ್ಕದ್ದು ದೊಡ್ಡ ಅಡಿಕೆಯಷ್ಟಿತ್ತು. ಒತ್ತಿದರೆ ಜರುಗಲಿಲ್ಲ. ಅತ್ತೆ ಉಸಿರು ಬಿಗಿಹಿಡಿದು ಕುಳಿತಿದ್ದರು. ತಂಬಿಗೆಯ ನೀರು ಆರಿಹೋಯಿತು.

ಅಂದೇ ಸಂಜೆ ಆಣೆ ಮುರಿದು ಮನೆಯವರಿಗೆ ಹೇಳಿದೆ. ಅವರು ರಜೆ ಹಾಕುತ್ತೇನೆ ಎಂದರು. "ಅಂವ ಬಂದ್ರ ನಾ ಬರಂಗಿಲ್ಲ" ಎಂದು ಒಳಗಿನಿಂದಲೇ ಅತ್ತೆಯ ಧ್ವನಿ ಬಂತು. ಕೊನೆಗೆ ಸೋಮವಾರ ಬೆಳಗಿನ ಬಸ್ಸಿಗೆ ನಾವಿಬ್ಬರೇ ಹೊರಟೆವು. ನಾನು ಫೋನಿನಲ್ಲಿ ತಿಳಿಸಿದ ಮೇಲೆ ಧಾರವಾಡದಲ್ಲಿ ಒಬ್ಬ ಹೆಣ್ಣು ಡಾಕ್ಟರರನ್ನು ನನ್ನ ತಂದೆ ಕೇಳಿ ಇಟ್ಟಿದ್ದರು.

ಹಳಿಯಾಳದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. "ನೀರ ಕುಡದ ಬರ್ತೇನಿ" ಎಂದು ಅತ್ತೆ ಇಳಿದರು. ನಾನು ಸೀಟು ಕಾಯ್ದುಕೊಂಡು ಕುಳಿತೆ. ಕಿಟಕಿಯಿಂದ ನೋಡುತ್ತೇನೆ, ಅವರು ನೀರಿನ ನಳ ದಾಟಿ, ಸೆರಗು ಬಿಗಿದು, ದಾಂಡೇಲಿಗೆ ಹೊರಟು ನಿಂತ ಬಸ್ಸನ್ನು ಹತ್ತುತ್ತಿದ್ದಾರೆ! ಕೈಚೀಲ ಸೀಟಿನ ಮೇಲೇ ಬಿಟ್ಟು ಓಡಿದೆ. ಒಂದು ಕಾಲಿನ ಚಪ್ಪಲಿ ಕೆಸರಿನಲ್ಲಿ ಉಳಿಯಿತು.

ಅವರು ಹೆಂಗಸರ ಸೀಟಿನಲ್ಲಿ ಮುಂದಿನ ಸರಳು ಹಿಡಿದು ಕುಳಿತಿದ್ದರು.

"ಇಳೀರಿ ಅತ್ತಿ."

"ನಾ ಬರೂದಿಲ್ಲ. ಚೀಲ ಇನ್ನಾ ಮುಗದಿಲ್ಲ."

"ಚೀಲ ಹಾಳಾಗಿ ಹೋಗ್ಲಿ. ಇಳೀರಿ."

"ಕೈ ಬಿಡು ಗಿರಿಜಾ. ಮಂದಿ ನೋಡ್ತಾರ."

ಕಂಡಕ್ಟರು ಬಂದ. "ಏನ್ರೀ ಬಾಯಾರ, ಒಬ್ಬರ ಕಾಲಾಗ ಚಪ್ಪಲಿಲ್ಲ, ಒಬ್ಬರ ಕೈಯಾಗ ಟಿಕೀಟಿಲ್ಲ. ಯಾವ ಕಡೆ ಹೊಂಟೀರಿ?" ಎಂದ. ಬಸ್ಸಿನವರೆಲ್ಲ ನಕ್ಕರು. ಅತ್ತ ಧಾರವಾಡದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಆತು, ವಾಪಸ್ ಹೋಗೂಣು. ನಾನೂ ಬರ್ತೇನಿ. ಹೋದ ಕೂಡಲೆ ನಿಮ್ಮ ಮಗನ ಮುಂದ, ಕಸ್ತೂರಕ್ಕನ ಮುಂದ, ಇಡೀ ಓಣಿ ಮುಂದ ಹೇಳ್ತೇನಿ. ನಮ್ಮ ಅತ್ತಿಗೆ ನಾನ ಕೈಯಾರೆ ವಿಷ ಹಾಕೇನಿ ಅಂತ. ನೀವು ಸತ್ರ ಆ ಪಾಪ ಹೊತ್ಕೊಂಡ ಬದುಕ್ತೇನಿ. ನಡೀರಿ."

ಅವರು ನನ್ನ ಮುಖ ನೋಡಿದರು. ಅಷ್ಟು ದಿನಗಳಲ್ಲಿ ಹಾಗೆ ನೇರ ನೋಡಿದ್ದು ಅದೇ ಮೊದಲು. ಆಮೇಲೆ ಸರಳು ಬಿಟ್ಟು ಎದ್ದರು. ನಾನು ಗೆದ್ದೆ ಎಂದುಕೊಂಡಿದ್ದೆ.

ಡಾಕ್ಟರಮ್ಮ ವಯಸ್ಸಾದವರು, ಅವಸರವಿಲ್ಲದವರು. ಪರದೆಯ ಹಿಂದೆ ಬಹಳ ಹೊತ್ತು ಪರೀಕ್ಷೆ ಮಾಡಿದರು. ಹೊರಗೆ ಬಂದು ಕೈ ತೊಳೆಯುತ್ತ ಕೇಳಿದರು.

"ಎಷ್ಟ ದಿನಾ ಆತವ್ವಾ ಈ ಗಂಟಿಗೆ?"

ನಾನು "ಯುಗಾದಿಯಿಂದ" ಎನ್ನಲು ಬಾಯಿ ತೆರೆದಿದ್ದೆ. ಅತ್ತೆ ನನಗಿಂತ ಮೊದಲು, ಗೋಡೆಯ ಕಡೆ ನೋಡುತ್ತ ಹೇಳಿದರು.

"ಹ್ವಾದ ದಸರಾಕ್ಕ ಹತ್ತಿತ್ತ್ರಿ ಕೈಗೆ."

ದಸರಾ. ನಾನು ಸೋಯಾ ತಂದದ್ದು ಯುಗಾದಿಗೆ. ನಡುವೆ ಆರು ತಿಂಗಳು.

"ಮನಿತನದಾಗ ಯಾರಿಗರ ಆಗಿತ್ತೇನು?"

ಅತ್ತೆ ಸೆರಗಿನ ತುದಿಯನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ನಮ್ಮವ್ವಗ" ಎಂದರು. "ಅದರಾಗ ಹೋದ್ಲು."

ಆಗ ನನಗೆ ತಡೆಯಲಾಗಲಿಲ್ಲ. ಚಪಾತಿ, ಚೀಲ, ಪತ್ರಿಕೆಯ ಎರಡು ಬರಹ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಡಾಕ್ಟರಮ್ಮ ಕೇಳಿಸಿಕೊಂಡರು. "ಒಬ್ಬರು ಅಮೃತ ಅಂತ ಬರೀತಾರ, ಒಬ್ಬರು ವಿಷ ಅಂತ ಬರೀತಾರ" ಎಂದರು. "ನಾಕ ಕಾಳು ಚಪಾತ್ಯಾಗ ಹಾಕ್ಕೊಂಡ ತಿಂದ್ರ ಗಂಟೂ ಬರೂದಿಲ್ಲ, ಬಂದ ಗಂಟು ಕರಗೂದೂ ಇಲ್ಲ. ಬ್ಯಾಳಿ ತಿಂದಂಗ ಅದೂ ಒಂದು ಕಾಳು. ತಿನ್ರಿ, ಬಿಡ್ರಿ, ನಿಮ್ಮ ಇಷ್ಟ. ಆದ್ರ ತಾಯಿಗೆ ಆಗಿತ್ತು ಅನ್ನೂದು ಮುಚ್ಚಿಡೂ ಮಾತಲ್ಲ. ವರ್ಷ ಆಗೂತನಕ ತೋರಸದ ಕೂತದ್ದು ಮಾತ್ರ ಛಲೋ ಆಗ್ಲಿಲ್ಲವ್ವಾ." ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೂಜಿ ಹಾಕಿ ಗಂಟಿನಿಂದ ಪರೀಕ್ಷೆಗೆ ತೆಗೆದುಕೊಂಡ ಮೇಲೆ ಹೊರಗಿನ ಬಾಕಿನ ಮೇಲೆ ಕುಳಿತೆವು. ನನಗೆ ಮೈಯೆಲ್ಲ ಸಿಟ್ಟು. ಅಷ್ಟು ವಾರ ನಾನು ಒಳಗೊಳಗೇ ಬೆಂದೆ, ಮೊರದ ಮುಂದೆ ಕಣ್ಣೀರು ಹಾಕಿದೆ, ಮತ್ತೆ ಇವರು ನನ್ನನ್ನು ಕ್ಷಮಿಸಿಬಿಟ್ಟರು!

"ಗೊತ್ತಿದ್ದೂ ನನ್ನ ಮ್ಯಾಲ ಹಾಕಿದ್ರಿ."

"ಹೌದು."

"ನಾ ಅಳೂದ ನೋಡ್ಕೋತ ಕುಂತಿದ್ರಿ."

"ಹೌದವಾ."

ಆಮೇಲೆ ಅವರೇ ಹೇಳಿದರು. "ದಸರಾದಾಗ ಕೈಗೆ ಹತ್ತಿದ ಕೂಡಲೆ ನನಗ ಗೊತ್ತಾತು. ನಮ್ಮವ್ವನ್ನ ನೋಡೇನಲ್ಲ. ಸೀರಿ ಒಳಗ ಅರಿವಿ ಕಟ್ಕೊಂಡ ತಿರಗ್ತಿದ್ಲು. ವಾಸನಿ ಬಂದ ಮ್ಯಾಲನ ನಮಗ ಗೊತ್ತಾಗಿದ್ದು. ಕಸ್ತೂರಿ ಆ ಪೇಪರ ಓದಿದಾಗ ನನಗೆಷ್ಟ ಹಗುರಾತು ಗೊತ್ತೈತೇನು? ಇದು ನಮ್ಮವ್ವಂದಲ್ಲ, ಕಾಳಿಂದು ಅಂತ ನನಗ ನಾನ ಹೇಳ್ಕೊಂಡೆ. ಕಾಳಾದ್ರ ಆರಸಬೌದು." ಅಷ್ಟು ಹೇಳಿ ಬಾಯಿಗೆ ಸೆರಗು ಹಚ್ಚಿಕೊಂಡರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಚೀಲ ಮುಗಿಯಲಿ ಎಂದು ಅವರು ಕಾಯಲೇ ಇಲ್ಲ, ಮುಗಿಯಬಾರದೆಂದೇ ಒಂದೊಂದೇ ಕಾಳು ಆರಿಸಿದ್ದರು. ನಾನೂ ಮುಟ್ಟಿ ನೋಡದೆ ಜೊತೆ ಕೊಟ್ಟಿದ್ದೆ. ಲೆಕ್ಕ ಹಾಕಿದರೆ ಇಬ್ಬರೂ ಒಂದೇ ಕೆಲಸ ಮಾಡಿದ್ದೆವು.

ರಿಪೋರ್ಟಿಗೆ ಎಂಟು ದಿನ ಎಂದಿದ್ದರು. ಆ ಎಂಟು ದಿನದ ಬಗ್ಗೆ ನಾನು ಬರೆಯಲಾರೆ. ಬಂದದ್ದು ನಾವು ಹೆದರಿದ್ದ ಸುದ್ದಿಯೇ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ಗೊತ್ತುಮಾಡಿದರು. ಆಮೇಲೆ ಅತ್ತೆ ಏಳು ವರ್ಷ ಬದುಕಿದರು. ಸೋಯಾ ಹಾಕಿದ ಚಪಾತಿಯನ್ನು ಮೊದಲಿನಂತೆ ಬೈಯುತ್ತಲೇ ತಿಂದರು. ಒಂದು ವರ್ಷ ಮೊದಲೇ ಬಂದಿದ್ದರೆ ಇನ್ನೆಷ್ಟು ವರ್ಷವಿತ್ತೋ, ಅದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನನಗೆ ಮರೆಯಲಾಗದೆ ಉಳಿದದ್ದು ಆಪರೇಷನ್ನಿನ ಹಿಂದಿನ ದಿನ.

ಬೆಳಿಗ್ಗೆ ದಾಖಲಾಗಲು ಹೋದವರು ಆಸ್ಪತ್ರೆಯ ಬಾಗಿಲಲ್ಲಿ ನಿಂತುಬಿಟ್ಟರು. ಹಳಿಯಾಳದ ನೆನಪಾಗಿ ನಾನು ಅವರ ರಟ್ಟೆ ಹಿಡಿದೆ. "ಓಡಿ ಹೋಗೂದಿಲ್ಲ, ಬಿಡು" ಎಂದರು. "ಸಾವಿತ್ರಿಗೆ ಪೋನ್ ಹಚ್ಚು." ಸಾವಿತ್ರಿ ಅವರ ಒಬ್ಬಳೇ ಮಗಳು, ಮುಂಡಗೋಡದಲ್ಲಿ ಕೊಟ್ಟ ಮನೆ, ಬೆಳೆದ ಇಬ್ಬರು ಹೆಣ್ಣುಮಕ್ಕಳ ತಾಯಿ. ತಮಗೆ ಗರ್ಭಕೋಶದ ಆಪರೇಷನ್ ಎಂದು ಅವಳಿಗೆ ಸುಳ್ಳು ಹೇಳಬೇಕೆಂದು ಅತ್ತೆಯೇ ಮಗನಿಗೆ ತಾಕೀತು ಮಾಡಿದ್ದರು.

ಎದುರಿಗೇ ಎಸ್‌ಟಿಡಿ ಅಂಗಡಿ. ಸಾವಿತ್ರಿಯ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಕಿರಾಣಿ ಅಂಗಡಿಗೆ ಹಚ್ಚಿ, ಕರೆಸಿರಿ ಎಂದು ಹೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಬೇಕು. ಆ ಹತ್ತು ನಿಮಿಷ ಅವರು ನಿಂತೇ ಇದ್ದರು. ನಮ್ಮ ಹಿಂದೆ ನಾಲ್ಕಾರು ಗಂಡಸರು ಪಾಳಿಗೆ ಕಾಯುತ್ತಿದ್ದರು. ಗಾಜಿನ ಪೆಟ್ಟಿಗೆಯ ಬಾಗಿಲು ಮುರಿದು ಅರ್ಧ ತೆರೆದೇ ಇತ್ತು. ಹೆರಿಗೆಯ ಮಾತನ್ನೂ ಗಂಡಸರ ಮುಂದೆ ಪಿಸುದನಿಯಲ್ಲಿ ಆಡುವ ಹೆಂಗಸು ಅವರು. ನಾನು ಆ ಬಾಗಿಲಿಗೆ ಅಡ್ಡ ನಿಂತೆ.

ಆ ಕಡೆಯಿಂದ "ಅವ್ವಾ?" ಎಂದದ್ದು ನನಗೂ ಕೇಳಿತು. ಅತ್ತೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ದೂರದ ಹೊಲದಲ್ಲಿದ್ದವರನ್ನು ಕೂಗುವ ಹಾಗೆ ಮಾತಾಡಿದರು.

"ಸಾವಿತ್ರೀ, ಅಳಬ್ಯಾಡ, ಮೊದ್ಲ ಕೇಳು. ನನ್ನ ಎದಿಯಾಗ ಕ್ಯಾನ್ಸರ್ ಆಗೇತಿ. ನಾಳೆ ತಗೀತಾರ. ನಿಮ್ಮ ಅಜ್ಜಿಗೂ ಇದ ಆಗಿತ್ತು. ಜ್ವರದಾಗ ಸತ್ಲು ಅಂತ ನಿನಗ ಹೇಳೇನಲ್ಲ, ಅದು ಸುಳ್ಳು. ಇವತ್ತಿಂದ ನಿನ್ನ ಎದಿ ನೀನ ಮುಟ್ಟಿ ನೋಡ್ಕೋ. ಏನರ ಕೈಗೆ ಹತ್ತಿದ್ರ ಅವತ್ತ ಬಸ್ ಹತ್ತು. ಹುಡುಗ್ಯಾರಿಗೂ ಹೇಳು. ನಾಚ್ಕಿ ಬಿಟ್ಟ ಹೇಳು."

ಪಾಳಿಯಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಮುಖ ಆ ಕಡೆ ತಿರುಗಿಸಿದರು. ಸಾವಿತ್ರಿ ಆ ಕಡೆ ಏನೋ ಕೇಳಿರಬೇಕು. ಅತ್ತೆ ಧ್ವನಿ ಇಳಿಸದೆಯೇ ಹೇಳಿದರು:

"ನಮ್ಮವ್ವ ನನಗ ಹೇಳ್ಲಿಲ್ಲ. ನಾ ನಿನಗ ಹೇಳಾಕತ್ತೇನಿ."